ಮೂರನೇ ನಂಬರಿನ ಬಿಸಿ

ಜನವರಿಯ ಎರಡನೇ ಮಂಗಳವಾರ, ಬೆಳಿಗ್ಗೆ ಆರೂ ಮುಕ್ಕಾಲು. ಅಮ್ಮನ ಎಡಗಾಲಿನ ಕಿರುಬೆರಳಿನ ಬುಡದಲ್ಲಿ ನೀರುಗುಳ್ಳೆ. ನೆಲ್ಲಿಕಾಯಿಯಷ್ಟು ದೊಡ್ಡದು. ಮೊದಲು ನೋಡಿದ್ದು ನಾನು. ಅವಳಿಗೆ ಗೊತ್ತೇ ಇರಲಿಲ್ಲ.

“ಬೂಟು ಕಚ್ಚಿರ್ಬೇಕು,” ಅಂದಳು.

ಒಪ್ಪುವಂಥ ಮಾತೇ. ಬಸರೀಕಟ್ಟೆ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಕುಯ್ಲು ನಡೆದಿತ್ತು. ಅಮ್ಮ ದಿನವಿಡೀ ಗಮ್‌ಬೂಟಿನಲ್ಲಿ ಇರುತ್ತಿದ್ದಳು. ಅರಿಶಿನ ಹಚ್ಚಿ, ಬಟ್ಟೆ ಸುತ್ತಿ, ಅದೇ ಬೂಟು ಹಾಕಿಕೊಂಡು ಎಸ್ಟೇಟಿನ ಜೀಪು ಹತ್ತಿದಳು. ನಾನು ಪಂಚಾಯಿತಿ ಲೈಬ್ರರಿಗೆ ಹೋದೆ. ಅಲ್ಲಿ ನನ್ನ ಕೆಲಸ ರಿಜಿಸ್ಟರ್ ಬರೆಯುವುದು. ಮನೆಯಲ್ಲೂ ಅದೇ ಚಾಳಿ. ದಿನಕ್ಕೊಂದು ಪುಟ ಡೈರಿ.

ಗುಳ್ಳೆ ಕಾಣುವ ಒಂಬತ್ತು ದಿನ ಮೊದಲು ಅಮ್ಮನ ತಮ್ಮ ಸೀನ ಮಾವ ಒಂದು ಎಲೆಕ್ಟ್ರಿಕ್ ಬ್ಲಾಂಕೆಟ್ ತಂದುಕೊಟ್ಟಿದ್ದ. ಆ ಚಳಿಗಾಲ ಪೂರ್ತಿ ಅಮ್ಮ ಕಾಲು ತಣ್ಣಗೆ, ಕಾಲು ತಣ್ಣಗೆ ಅನ್ನುತ್ತಲೇ ಇದ್ದಳು.

“ಸ್ವಿಚ್ ಹಾಕು, ಮಲ್ಕೋ. ದೊರೆಸಾನಿ ಹಂಗೆ,” ಅಂದ ಮಾವ.

“ದೊರೆಸಾನಿ ಕಾಫಿ ಹಣ್ಣು ಕುಯ್ತಾಳೇನೋ ಮಾರಾಯ?”

ಹಾಗಂದರೂ ಅವಳಿಗೆ ಖುಷಿಯಾಗಿತ್ತು. ಬ್ಲಾಂಕೆಟ್ ಡಬಲ್ ಕಾಟಿನ ಅಳತೆಯದು, ಅಮ್ಮನ ಮಂಚ ಕಿರಿದು. ನಾನೇ ಎರಡು ಮಡಿಕೆ ಮಾಡಿ ಕಾಲಿನ ಕಡೆ ಹಾಸಿದೆ. ಮೇಲೆ ಕಂಬಳಿ ಹೊದಿಸಿದೆ. ಜೊತೆಗೆ ಬಂದ ಇಂಗ್ಲಿಷ್ ಚೀಟಿಯಲ್ಲಿ ಸ್ವಿಚ್ಚಿನ ಮೂರು ನಂಬರುಗಳ ವಿವರ ಮಾತ್ರ ಓದಿದೆ. ಉಳಿದದ್ದನ್ನು ಓದದೆ, ಪಂಚ್ ಮಾಡಿ ಫೈಲಿಗೆ ಸೇರಿಸಿದೆ.

ಗುಳ್ಳೆ ಬಂದ ಮೇಲೂ ಮೂರು ರಾತ್ರಿ ಬ್ಲಾಂಕೆಟ್ ಹಾಕಿದೆವು. ಗಾಯದ ಕಾಲು ಬೆಚ್ಚಗಿರಲಿ ಎಂದು.

ಶುಕ್ರವಾರ ಬಟ್ಟೆ ಬಿಚ್ಚಿದಾಗ ಬೆರಳು ಕಪ್ಪಗಿತ್ತು. ವಾಸನೆ ಇತ್ತು. ನೋವು ಇರಲಿಲ್ಲ.

ಮಾವನ ಜೀಪಿನಲ್ಲಿ ಕೊಪ್ಪಕ್ಕೆ ಹೋದೆವು. ಡಾಕ್ಟರ್ ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿ, ನೈಲಾನ್ ದಾರದಂಥ ಒಂದು ಎಳೆಯಿಂದ ಪಾದವನ್ನು ಅಲ್ಲಲ್ಲಿ ಒತ್ತಿದರು. “ಗೊತ್ತಾದಾಗ ಹೇಳಿ,” ಅಂದರು. ಅಮ್ಮ ಕಾಯುತ್ತಾ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು:

“ಶುರು ಮಾಡಿದ್ರಾ ಡಾಕ್ಟ್ರೇ?”

ಅವರು ಆಗಲೇ ಎರಡೂ ಪಾದ ಮುಗಿಸಿದ್ದರು.

ಶುಗರ್ ಮುನ್ನೂರ ನಲವತ್ತು. ವರ್ಷಗಳಿಂದ ಇದ್ದಿರಬೇಕು, ಕಾಲಿನ ನರಗಳು ಹೋಗಿವೆ ಅಂದರು. “ಇದು ಬೂಟು ಕಚ್ಚಿದ್ದಲ್ಲ, ಸುಟ್ಟಿದ್ದು. ಕಾಲಿಗೆ ಬಿಸಿ ಏನಾದ್ರೂ ಕೊಡ್ತಿದ್ರಾ?”

ಬ್ಲಾಂಕೆಟ್ ವಿಷಯ ಹೇಳಿದೆ. ಮಡಚಿದ್ದನ್ನೂ ಹೇಳಿದೆ. ಮಡಚಿದ ಕಡೆ ಬಿಸಿ ಸೇರಿಕೊಳ್ಳುತ್ತದೆ, ಮೇಲೆ ಕಂಬಳಿ ಬಿದ್ದರೆ ಹೊರಗೆ ಹೋಗುವುದಿಲ್ಲ ಅಂದರು. “ಬಿಸಿ ಜಾಸ್ತಿ ಆಯ್ತು ಅಂತ ಇವರು ಒಂದ್ಸಲನೂ ಹೇಳ್ಲಿಲ್ವಾ?”

ಡೈರಿ ಬ್ಯಾಗಿನಲ್ಲಿತ್ತು. ತೆಗೆದೆ. ಮೊದಲ ದಿನ, ನಂಬರ್ ಒಂದು: ಸಾಲದು. ಎರಡನೇ ದಿನ, ನಂಬರ್ ಎರಡು: ಸಾಲದು. ಮೂರನೇ ದಿನದಿಂದ ನಂಬರ್ ಮೂರು. ಎಲ್ಲ ದಿನಗಳ ಪುಟದಲ್ಲೂ ನನ್ನದೇ ಅಕ್ಷರದಲ್ಲಿ ಅಮ್ಮನ ಮಾತು, ಸಾಲದು. ಒಟ್ಟು ಹನ್ನೆರಡು ಸಲ. ಬ್ಲಾಂಕೆಟ್ ಸರಿಯಿಲ್ಲ ಎಂದು ಮಾವನಿಗೆ ತೋರಿಸಿ ವಾಪಸ್ ಕೊಡಿಸಲು ಇಟ್ಟ ಲೆಕ್ಕ ಅದು.

ಡಾಕ್ಟರ್ ಪುಟ ತಿರುವಿ ಓದಿದರು. ಬೈಯಲಿಲ್ಲ.

“ರೋಗದ ಲಕ್ಷಣ ಸರಿಯಾಗಿ ಬರ್ಕೊಂಡಿದ್ದೀರಿ,” ಅಂದರು.

ಶಿವಮೊಗ್ಗದಲ್ಲಿ ಹನ್ನೊಂದು ದಿನ ಅಡ್ಮಿಟ್. ಬೆರಳು ಉಳಿಯುವುದಿಲ್ಲ, ಪಾದ ಉಳಿಸಲು ನೋಡೋಣ ಅಂದರು ಸರ್ಜನ್. ಬೆರಳು ತೆಗೆದರು. ಆಮೇಲೆ ಐದು ದಿನ, ಪಾದದ ವಿಷಯ ಕೇಳಿದಾಗಲೆಲ್ಲ “ನೋಡೋಣ” ಎಂದೇ ಹೇಳಿದರು. ಆರನೇ ದಿನ ಡ್ರೆಸ್ಸಿಂಗ್ ಬಿಚ್ಚಿ, “ಪಾದ ಉಳೀತು,” ಅಂದರು.

ಮಾವ ಅಲ್ಲಿಯವರೆಗೆ ವಾರ್ಡಿನ ಒಳಗೆ ಬಂದಿರಲಿಲ್ಲ. ಅಂದು ಬಂದ. “ಅಕ್ಕಾ, ನಾನೇ ತಂದು ಸುಟ್ಟಂಗಾಯ್ತು.”

“ನೀನು ತಂದೆ, ಅವಳು ಮಡಚಿದ್ಲು, ನಾನು ಮಲಗಿದೆ. ಮೂರು ಜನ ಸೇರಿ ಒಂದು ಕಿರುಬೆರಳು ಕಳ್ದಿದ್ದೀವಿ. ಅಳ್ಬೇಡ, ಆಚೆ ಬೆಡ್ಡಿನವ್ರು ನಾನು ಸತ್ತೆ ಅನ್ಕೋತಾರೆ.”

ಡ್ರೆಸ್ಸಿಂಗ್ ನಲವತ್ತಾರು ಆದವು. ಈಗ ಗಾಯ ಮುಚ್ಚಿದೆ. ಅಮ್ಮ ಮನೆಯೊಳಗೆ ನಡೆಯುತ್ತಾಳೆ. ಎಸ್ಟೇಟಿನ ಇಳಿಜಾರಿಗೆ ಈ ವರ್ಷ ಇಲ್ಲ. ಮುಂದಿನ ಕುಯ್ಲಿನ ಮಾತು ಡಾಕ್ಟರ್ ಆಡಿಲ್ಲ, ನಾವೂ ಕೇಳಿಲ್ಲ. ಬೆಳಿಗ್ಗೆ ಕನ್ನಡಿ ಹಿಡಿದು ಪಾದದ ಅಡಿ ನೋಡುತ್ತೇವೆ. ಸ್ನಾನದ ನೀರಿನ ಬಿಸಿ ನಾನು ನೋಡಿದ ಮೇಲೆಯೇ ಅವಳು ಮುಟ್ಟುವುದು. ಬಿಸಿನೀರಿನ ಬ್ಯಾಗೂ ಬೇಡ ಅಂದಿದ್ದಾರೆ. ಫೈಲಿನಿಂದ ಆ ಚೀಟಿ ತೆಗೆದು ಪೂರ್ತಿ ಓದಿದೆ. ಮಡಚಬಾರದು, ಬಿಸಿ ತಿಳಿಯದವರಿಗೆ ಹಾಕಬಾರದು ಎಂಬ ಎರಡೂ ಸೂಚನೆ ಇದ್ದವು. ನಮ್ಮ ಕಾಲು ಬಿಸಿ ತಗುಲಿದರೆ ನಿದ್ದೆಯಲ್ಲೂ ತಾನೇ ಹಿಂದೆ ಸರಿಯುತ್ತದೆ. ಅಮ್ಮನ ಕಾಲು ಹನ್ನೆರಡು ರಾತ್ರಿ ಇಟ್ಟಲ್ಲೇ ಇತ್ತು.

ಕಾಲು ತಣ್ಣಗಿದೆ ಅನ್ನುವುದು ನಿಂತಿಲ್ಲ. ನಿಲ್ಲಲಿಕ್ಕಿಲ್ಲ ಅಂದಿದ್ದಾರೆ. ಮುಟ್ಟಿದರೆ ಬೆಚ್ಚಗೇ ಇರುತ್ತದೆ. ಚಳಿ ಅವಳಿಗೆ ಮಾತ್ರ. ಸಂಜೆ ಸಾಕ್ಸ್ ಹಾಕುವ ಮೊದಲು ನಾನು ಎರಡೂ ಪಾದದ ಮೇಲೆ ಅಂಗೈ ಇಡುತ್ತೇನೆ.

“ಬೆಚ್ಚಗಿದೆ ಅಮ್ಮ.”

ನಿನ್ನೆ ಅವಳು ನನ್ನ ಮುಖ ನೋಡಿದಳು. “ಸರಿಯಾಗಿ ನೋಡ್ದ್ಯಾ?”

ಇನ್ನೊಂದು ಸಲ ಇಟ್ಟು ನೋಡಿದೆ. ಬೆಚ್ಚಗೇ ಇತ್ತು.

“ಹಂಗಾದ್ರೆ ಸರಿ,” ಅಂದು ಕಂಬಳಿ ಎಳೆದುಕೊಂಡಳು.