ಎಂಜಿನ್ ತೊಳೆದ ಭಾನುವಾರ

ನಲವತ್ತು ದಾಟಿದ ಮೇಲೆ ನಾನು ಕಾರು ಓಡಿಸಲು ಕಲಿತೆ. ಲೈಸೆನ್ಸ್ ಕೈಗೆ ಬಂದ ಹೊತ್ತಿಗೇ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಕೆಳಮನೆಯವರು ಪುಣೆಗೆ ಹೊರಟು ನಿಂತರು. ಅವರ ಹಳೆಯ ಪೆಟ್ರೋಲ್ ಕಾರು ನನ್ನದಾಯಿತು. "ಲೋಕಲ್ ಟ್ರೇನ್ ಇರೂ ಊರಾಗ ಕಾರ್ ಯಾಕ?" ಎಂದ ಗಂಡ. ಸಂಭ್ರಮಪಟ್ಟವರು ನಾನು ಮತ್ತು ನನ್ನ ಅತ್ತೆ. ಅವರು ವಿಜಯಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ನಿವೃತ್ತರಾದ ಮೇಲೆ ನಮ್ಮಲ್ಲಿಗೆ ಬಂದವರು. ಸಮುದ್ರದ ಮೇಲಿನ ಹೊಸ ಸೇತುವೆಯನ್ನು ಟೀವಿಯಲ್ಲಿ ನೋಡಿದ ದಿನದಿಂದ ಒಮ್ಮೆ ಅದರ ಮೇಲೆ ಹೋಗಬೇಕೆಂದು ಆಸೆಪಟ್ಟಿದ್ದರು.

ಆದರೆ ಕಾರು ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಟಕಟಕ ಎನ್ನುತ್ತಿತ್ತು. ವಡಾಲದ ಗ್ಯಾರೇಜಿನವನು ಎಣ್ಣೆ ಹಾಕುವ ಮುಚ್ಚಳ ತೆಗೆದು ತೋರಿಸಿದ. ಒಳಗೆಲ್ಲ ಕರಿ ಜಿಡ್ಡು ಮೆತ್ತಿತ್ತು. ಹಿಂದಿನವರು ಆಯಿಲ್ ಬದಲಿಸುವುದನ್ನೇ ಮರೆತಿದ್ದರಂತೆ. ಎಂಜಿನ್ ತೊಳೆಯುವ ದ್ರಾವಣ ಮತ್ತು ಹೊಸ ಆಯಿಲ್ ತಂದರೆ ಭಾನುವಾರ ಕೆಲಸ ಮುಗಿಸಿಕೊಡುವುದಾಗಿ ಹೇಳಿದ.

ನಾವಿಬ್ಬರೂ ಶನಿವಾರ ಬೈಕುಲ್ಲಾದ ಅಂಗಡಿಗೆ ಹೋದೆವು. ತೊಳೆಯುವ ದ್ರಾವಣದ ಡಬ್ಬಿ ಸಿಕ್ಕಿತು. ಅದನ್ನು ಹಳೆಯ ಆಯಿಲ್‌ಗೇ ಬೆರೆಸಿ, ಎಕ್ಸಲರೇಟರ್ ಒತ್ತದೆ ನಿಂತಲ್ಲೇ ಹತ್ತು ನಿಮಿಷ ಎಂಜಿನ್ ನಡೆಸಿ, ಎಲ್ಲವನ್ನೂ ಇಳಿಸಿಬಿಡಬೇಕು. ತೊಡಕಾದದ್ದು ಆಮೇಲೆ ಹಾಕುವ ಆಯಿಲ್‌ನದು. ಕಾರಿನ ಕಂಪನಿ ಹೇಳಿದ್ದು ತೆಳುವಾದ ಸಿಂಥೆಟಿಕ್ ಆಯಿಲ್, ಫೈವ್ ಡಬ್ಲ್ಯೂ ಥರ್ಟಿ. ಅಂಗಡಿಯವನು ಕೈಯಲ್ಲಿ ಹಿಡಿದದ್ದು ದಪ್ಪನೆಯ ಟ್ವೆಂಟಿ ಡಬ್ಲ್ಯೂ ಫಿಫ್ಟಿ.

"ಪುರಾನೀ ಗಾಡಿ ಹೈ ಮ್ಯಾಡಮ್, ಮೋಟಾ ಆಯಿಲ್ ಡಾಲೋ. ಆವಾಜ್ ಬಂದ್!" ಎಂದು, ಜೊತೆಗೆ ಸದ್ದು ತಗ್ಗಿಸುವ ಇನ್ನೊಂದು ಬಾಟಲಿಯನ್ನೂ ಮುಂದಿಟ್ಟ.

ನಾನು ಗಂಡನಿಗೆ ಫೋನ್ ಮಾಡಿದೆ. ಅವನೂ, "ಹಳೇ ಗಾಡಿಗೆ ದಪ್ಪಂದ ಛಲೋ, ಅದನ್ನ ತೊಗೊಂಡ ಬಾ" ಎಂದ.

ಅತ್ತೆಯವರು ನನ್ನ ಕೈಯಿಂದ ಫೋನ್ ಕಸಿದುಕೊಂಡರು. "ಸದ್ದು ಮುಚ್ಚೂದು ಬ್ಯಾರೆ, ಹೊಲಸು ತಗ್ಯೂದು ಬ್ಯಾರೆ. ನೀ ಸುಮ್ನಿರು!" ಎಂದು ಕಟ್ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ತೊಳ್ಯೂ ಔಷಧ ಎಷ್ಟ ಬಸಿದ್ರೂ ಒಳಗ ಸ್ವಲ್ಪ ಉಳೀತದ. ಅದರ ಮ್ಯಾಲ ಇನ್ನೊಂದು ಔಷಧ ಯಾಕವಾ? ಬ್ಯಾಡ ಬಿಡು" ಎಂದರು. ತೊಳೆಯುವ ದ್ರಾವಣದ ಡಬ್ಬಿಯ ಸಣ್ಣ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದರು. ಸಿಂಥೆಟಿಕ್ ಆಯಿಲ್‌ಗೂ ಹೊಂದುತ್ತದೆ ಎಂದು ಬರೆದಿತ್ತು. ಸದ್ದಿನ ಬಾಟಲಿಯನ್ನು ಅಲ್ಲೇ ಬಿಟ್ಟು, ತೆಳು ಆಯಿಲ್‌ನ ಡಬ್ಬ ಹಿಡಿದು ಲೋಕಲ್ ಹತ್ತಿದೆವು.

ಮನೆಯಲ್ಲಿ ಗಂಡ ಜಗಳಕ್ಕೇ ಕಾದಿದ್ದ. "ಇಷ್ಟು ತೆಳುವಾದ್ದು ಹಾಕಿದ್ರ ಎಂಜಿನ್ ಸವದ ಹೋಗ್ತದ, ಅವ್ವಾ!"

ಅತ್ತೆಯವರು ಅಡುಗೆಮನೆಗೆ ಹೋಗಿ, ಒಂದು ಬಟ್ಟಲಲ್ಲಿ ದಪ್ಪನೆಯ ಔಡಲೆಣ್ಣೆ, ಇನ್ನೊಂದರಲ್ಲಿ ಶೇಂಗಾ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಟ್ಟರು. ಊಟವಾದ ಮೇಲೆ ಎರಡನ್ನೂ ಒಂದು ತಾಟಿನ ಮೇಲೆ ಬಗ್ಗಿಸಿದರು. ಶೇಂಗಾ ಎಣ್ಣೆ ಸರಕ್ಕನೆ ಹರಿದು ತಾಟಿನ ಅಂಚು ಮುಟ್ಟಿತು. ಔಡಲೆಣ್ಣೆ ಬಟ್ಟಲಿನ ಬಾಯಿಂದ ಈಚೆ ಬರಲೇ ಒಲ್ಲದು.

"ಮುಂಜಾನೆ ಎಂಜಿನ್ ತಣ್ಣಗ ಇರ್ತದ. ಎಣ್ಣಿ ಲಗೂನ ಮ್ಯಾಲ ಏರಬೇಕೋ ಬ್ಯಾಡೋ?" ಎಂದು ಕೇಳಿದರು, ಕರಿಹಲಗೆಯ ಮುಂದೆ ನಿಂತು ಪಾಠ ಹೇಳುವ ದನಿಯಲ್ಲಿ.

ಗಂಡ ತಾಟನ್ನು ವಾಲಿಸಿ ನೋಡಿದ. "ನಾಳೆ ನಾನೂ ಬರ್ತೀನಿ" ಎಂದ. ನನಗೆ ಆ ಮಾತಿನ ಖುಷಿಯೇ ಸಾಕಾಯಿತು.

ಭಾನುವಾರ ಬೆಳಗ್ಗೆ ಗ್ಯಾರೇಜಿನವನು ಎಂಜಿನ್ ಬಿಸಿ ಮಾಡಿ ದ್ರಾವಣ ಸುರಿದ. ಗಂಡ ಸುಮ್ಮನಿರಲಾರದೆ ಎಕ್ಸಲರೇಟರ್ ಒತ್ತಲು ಹೋದ. "ಕಾಲ್ ತಗಿ!" ಎಂದು ಅತ್ತೆಯವರು ಗದರಿದ ರಭಸಕ್ಕೆ ಗ್ಯಾರೇಜಿನವನೂ ಒಂದು ಹೆಜ್ಜೆ ಹಿಂದೆ ಸರಿದ. ಹತ್ತು ನಿಮಿಷ ಮುಗಿದದ್ದೇ ಅವನು ಕಾರನ್ನು ಮೇಲೆತ್ತಿ ಕೆಳಗಿನ ಬೋಲ್ಟ್ ಬಿಚ್ಚಿದ. ಕಾಕಂಬಿಯಂಥ ಕಪ್ಪು ದ್ರವ ಬುಳಬುಳನೆ ಇಳಿಯಿತು. ಇಷ್ಟು ಹೊಲಸು ಒಳಗಿತ್ತೇ ಎಂದು ನಾವು ಮೂವರೂ ಬಗ್ಗಿ ನೋಡಿದೆವು. ಕೊನೆಯ ಹನಿಯವರೆಗೆ ಬಸಿಯಲು ಬಿಟ್ಟು, ಬೋಲ್ಟ್ ಬಿಗಿದು, ಹೊಸ ಫಿಲ್ಟರ್ ಕೂಡಿಸಿ, ಕಾರನ್ನು ಕೆಳಗಿಳಿಸಿ, ನಾವು ತಂದ ಆಯಿಲ್ ಸುರಿದ. ಬಿಸಿಲಿಗೆ ಅದು ಜೇನಿನಂತೆ ಹೊಳೆಯಿತು.

"ನೀನ ಸ್ಟಾರ್ಟ್ ಮಾಡವಾ" ಎಂದರು ಅತ್ತೆಯವರು.

ಕೀಲಿ ತಿರುಗಿಸಿದೆ. ಆಯಿಲ್‌ನ ಕೆಂಪು ಎಚ್ಚರಿಕೆ ದೀಪ ಆರಲಿಲ್ಲ. ಟಕಟಕ ಮೊದಲಿಗಿಂತ ಜೋರಾಗಿ ಕೇಳಿತು. ಗಂಡ ಅವ್ವನ ಮುಖ ನೋಡಿದ, ಅವರು ಬಾನೆಟ್ಟಿಗೆ ಕಿವಿಗೊಟ್ಟು ಬಗ್ಗಿದ್ದರು.

"ಹೊಸ ಫಿಲ್ಟರ್ ಒಳಗೆ ಆಯಿಲ್ ತುಂಬಬೇಕಲ್ಲ, ತಡೀರಿ" ಎಂದು ಗ್ಯಾರೇಜಿನವನು ಹಿಂದಿಯಲ್ಲಿ ಹೇಳುತ್ತಿರುವಾಗಲೇ ದೀಪ ಆರಿತು. ಟಕಟಕ ಸಣ್ಣದಾಯಿತು, ಮತ್ತೂ ಸಣ್ಣದಾಯಿತು, ನಿಂತೇಹೋಯಿತು! ಎಂಜಿನ್ ನಡೆಯುತ್ತಿದೆಯೋ ಇಲ್ಲವೋ ಎಂದು ನಾನು ಇಳಿದು ಬಂದು ಬಾನೆಟ್ ಮೇಲೆ ಕೈಯಿಟ್ಟು ನೋಡಿದೆ. ಅತ್ತೆಯವರು ಚಪ್ಪಾಳೆ ತಟ್ಟಿಬಿಟ್ಟರು. ಗಂಡ, "ಟೀಚರ್, ಪಾಸಾದ್ರಿ" ಎಂದು ಅವರಿಗೆ ಕೈಮುಗಿದ.

ಗ್ಯಾರೇಜಿನವನು ಕೆಳಗೆ ಎಲ್ಲೂ ಸೋರುತ್ತಿಲ್ಲವೆಂದು ಟಾರ್ಚ್ ಹಾಕಿ ನೋಡಿ, ಎಂಜಿನ್ ನಿಲ್ಲಿಸಿ, ಅಳತೆಯ ಕಡ್ಡಿ ಎಳೆದು ಆಯಿಲ್ ಮಟ್ಟ ಸರಿಯಿದೆ ಎಂದ. ಮನೆಗೆ ಹೋಗುವ ಮಾತೇ ಬರಲಿಲ್ಲ. ಕಾರನ್ನು ಸೇತುವೆ ಶುರುವಾಗುವ ಶಿವಡಿ ಕಡೆಗೆ ತಿರುಗಿಸಿದೆ. ಅಷ್ಟು ದೂರ ನಾನು ಓಡಿಸಿದ್ದು ಅದೇ ಮೊದಲು. ಸೇತುವೆ ಏರಿದಾಗ ನನಗೆ ನಗು ತಡೆಯಲಾಗಲಿಲ್ಲ. ಎರಡೂ ಬದಿ ನೀರು, ಮುಂದೆ ಮುಗಿಯದ ರಸ್ತೆ. ಹಿಂದಿನ ಸೀಟಿನಲ್ಲಿದ್ದ ಗಂಡ ಮೊಬೈಲಿನಲ್ಲಿ ವೀಡಿಯೊ ತೆಗೆಯುತ್ತಿದ್ದ. ಪಕ್ಕದಲ್ಲಿದ್ದ ಅತ್ತೆಯವರು ಕಿಟಕಿ ಇಳಿಸಿದರು. ಸೆರಗು ಹಾರಿ ನನ್ನ ಮುಖಕ್ಕೆ ಬಡಿಯಿತು.

"ಅತ್ತೀ, ಸೆರಗು ಹಿಡ್ಕೋರಿ, ರಸ್ತಾ ಕಾಣವಲ್ದು!" ಎಂದು ಕೂಗಿದೆ.

ಅವರು ಸೆರಗು ಮಡಿಲಿಗೆ ಎಳೆದುಕೊಂಡು, ಗಾಳಿಗೆ ಮುಖವೊಡ್ಡಿ, "ಇನ್ನೊಂಚೂರು ಜೋರ ಹೊಡಿಯವಾ" ಎಂದರು.