ಮೀಟರ್ ಇಲ್ಲದ ವಾನೇತ್

ನಾನು ಮೆಕ್ಯಾನಿಕ್ ಅಲ್ಲ, ಮೊದ್ಲೇ ಹೇಳಿಬಿಡ್ತೇನೆ. ಕುವೈತಿನ ರುಮೈಥಿಯಾದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿ, ಪೈಪು, ಪೇಂಟು ಮಾರ್ತಿದ್ದವ. ಊರಲ್ಲಿ ತಪ್ಪಿದ ಸೈಕಲ್ ಚೈನ್ ಹಾಕ್ಲಿಕ್ಕೆ ಬರ್ತಿತ್ತು, ಅಷ್ಟೇ ನನ್ನ ವಿದ್ಯೆ. ಆದ್ರೆ ತೊಂಬತ್ತನೇ ಇಸವಿಯ ಶುರುವಲ್ಲಿ ಅಂಗಡಿ ಧನಿಯ ಅಪ್ಪನ ಮನೆಗೆ ಒಂದು ನಲ್ಲಿ ಕೊಡ್ಲಿಕ್ಕೆ ಹೋದೆ ನೋಡಿ, ಅಲ್ಲಿ ಅಂಗಳದ ಮೂಲೆಯಲ್ಲಿ ಒಂದು ಹಳೇ ಪಿಕಪ್ ನಿಂತಿತ್ತು. ಇಂಗ್ಲಿಷರ ಗಾಡಿ. ನನ್ನ ಅಪ್ಪನ ಮದುವೆಗಿಂತ ಮೊದಲಿನದ್ದು. ದುಂಡು ದುಂಡು ಮಡ್ಗಾರ್ಡು, ಕಪ್ಪೆ ಕಣ್ಣಿನ ಹಾಗೆ ಲೈಟು. ಅವತ್ತು ನಲ್ಲಿ ಕೊಡುದನ್ನೇ ಮರೆತು ವಾಪಸ್ ಬಂದೆ.

ಕುವೈತಿಗಳು ಪಿಕಪ್‌ಗೆ ವಾನೇತ್ ಅಂತ ಹೇಳುದು. ಆ ಮುದುಕರನ್ನು ನಾನು ಬಾಬಾ ಅಂತಿದ್ದೆ. ಪ್ರಾಯದಲ್ಲಿ ಹಾಯಿ ಹಡಗಿನಲ್ಲಿ ನಮ್ಮ ಮಂಗಳೂರಿಗೆ ಹೆಂಚು ತರ್ಲಿಕ್ಕೆ ಬಂದವರಂತೆ. ಬೊಂಬಾಯಿ ಹಿಂದಿ ಅರ್ಧಂಬರ್ಧ ಬರ್ತಿತ್ತು. "ಮಂಗ್ಲೂರ್? ಬಹುತ್ ಬಾರಿಶ್, ಬಹುತ್ ನಾರಿಯಲ್!" ಅಂತ ನನ್ನ ಬೆನ್ನಿಗೆ ಹೊಡೆದಿದ್ರು. ಈ ಗಾಡಿ ಸರಿ ಮಾಡ್ಲಾ ಅಂತ ಕೇಳಿದೆ. ಅವರು ಮಡ್ಗಾರ್ಡಿನ ಧೂಳು ಕೈಯಲ್ಲಿ ಒರೆಸ್ತಾ, ಹಡಗಿಂದ ಇಳಿದ ದಿನ ಹೇಗಿತ್ತೋ ಹಾಗೆ ಮಾಡ್ತೀಯಾ, ಒಮ್ಮೆ ಸಮುದ್ರದ ಬದಿಯಲ್ಲಿ ಹೋಗಿ ಬರಬೇಕು, ಅಂದ್ರು. ಮಾಡ್ತೇನೆ ಅಂದೆ. ಎಂತ ಧೈರ್ಯ ನನಗೆ!

ಶುಕ್ರವಾರ ರಜೆ. ಫಿಂಟಾಸಿನ ನನ್ನ ರೂಮಿಂದ ಬಸ್ಸು ಹಿಡಿದು ಬೆಳಿಗ್ಗೆಯೇ ಅಲ್ಲಿಗೆ. ಬಿಚ್ಚುದು, ಉಜ್ಜುದು, ಗ್ರೀಸು ತೆಗಿಯುದು. ಮೈಮೇಲೆ ಗೇಟಿಗೆ ಹೊಡಿಯುವ ಕಂದು ಬಣ್ಣ ಇತ್ತು. ಅದರಡಿ ನೀಲಿ, ಅದರಡಿ ಬಿಳಿ. ನಿಜವಾದ ಬಣ್ಣ ಯಾವುದು ಅಂತ ಬಾಬಾಗೂ ನೆನಪಿಲ್ಲ. ಕೊನೆಗೆ ಡ್ಯಾಶ್‌ಬೋರ್ಡಿಂದ ಸ್ಪೀಡು ತೋರಿಸುವ ಮೀಟರ್ ಎಳೆದು ತೆಗೆದಾಗ ಅದರ ಹಿಂದೆ ಸಿಕ್ಕಿತು. ಬಿಸಿಲು ಕಾಣದ ಒಂದು ತಿಳಿ ಹಸಿರು, ಎಳೇ ಬಾಳೆ ಎಲೆಯ ಹಾಗೆ. ನಾನು ಕೂಗಿದ ಕೂಗಿಗೆ ಬಾಬಾ ಹಾವು ಕಂಡಿತಾ ಅಂತ ಓಡಿ ಬಂದ್ರು.

ಮತ್ತೆ ನಿಮಗೆ ಗೊತ್ತುಂಟಾ, ಆ ಕಾಲದ ಇಂಗ್ಲಿಷರ ಗಾಡಿಯಲ್ಲಿ ಸ್ಕ್ರೂ ಎಲ್ಲ ಒಂದೇ ಗೆರೆಯದ್ದು, ಮೈನಸ್. ನಮ್ಮ ವಾನೇತ್‌ನಲ್ಲಿ ಎಲ್ಲಾದ್ರೂ ಪ್ಲಸ್ ಸ್ಕ್ರೂ ಕಂಡ್ರೆ ಯಾರೋ ನಡುವಲ್ಲಿ ಕೈ ಹಾಕಿದ್ದಾರೆ ಅಂತ ಅರ್ಥ. ನನಗೆ ಮೈ ಉರೀತಿತ್ತು. ಕಿತ್ತು ಬಿಸಾಡಿ, ಹಳೇ ಮೈನಸ್ ಸ್ಕ್ರೂ ಹುಡುಕಿ ತರ್ತಿದ್ದೆ. ಹುಡುಕಿದ್ದನ್ನೆಲ್ಲ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಇಟ್ಟಿದ್ದೆ.

ನನ್ನ ರೂಮಿನಲ್ಲಿ ಇನ್ನೊಬ್ಬರಿದ್ರು, ಗದಗ ಕಡೆಯವರು. ನನಗಿಂತ ದೊಡ್ಡವರು, ಅಣ್ಣ ಅಂತಿದ್ದೆ. ಶುಐಬಾದ ಫ್ಯಾಕ್ಟರಿಯಲ್ಲಿ ಪ್ರೆಶರ್ ಗೇಜು, ಮೀಟರು ರಿಪೇರಿ ಮಾಡುವ ಟೆಕ್ನೀಶಿಯನ್. ನನ್ನ ಹುಚ್ಚು ಕಂಡು ಅವರಿಗೆ ದಿನಾ ತಮಾಷೆ. ನನ್ನ ಚಾ ಸಾಸರಿನಲ್ಲಿ ಪ್ಲಸ್ ಸ್ಕ್ರೂ ಇಡುದು, ದಿಂಬಿನ ಅಡಿ ಇಡುದು, ಒಮ್ಮೆ ಉಪ್ಪಿಟ್ಟಿನೊಳಗೂ ಇಟ್ಟಿದ್ರು ಪುಣ್ಯಾತ್ಮ.

"ತಮ್ಮಾ, ನಿನಗ ಯಾರೋ ಹೆಣ್ಣ ಕೊಡಾವ್ರು? ನೋಡಾಕ ಹೋದ್ರ, ಮೂಗುಬೊಟ್ಟಿನ ತಿರುಪು ಪ್ಲಸ್ಸೋ ಮೈನಸ್ಸೋ ಅಂತ ಕೇಳಾವ ನೀ!"

"ಕೇಳ್ತೇನೆ. ಪ್ಲಸ್ ಅಂದ್ರೆ ಎದ್ದು ಬರ್ತೇನೆ."

"ಎದ್ದ ಬಾ. ಉಪ್ಪಿಟ್ಟು ಮಾತ್ರ ತಿಂದ ಬಾ."

ಗಾಡಿಯಿಂದ ತೆಗೆದ ಆ ಮೀಟರಿನ ಮುಳ್ಳು ಸೊನ್ನೆಯಲ್ಲೇ ಅಂಟಿಕೊಂಡಿತ್ತು. ರೂಮಿಗೆ ತಂದೆ. ಅಣ್ಣ ನೆಲದ ಮೇಲೆ ಪೇಪರ್ ಹಾಸಿ ಅದನ್ನು ಬಿಚ್ಚಿದ್ರು. ಪುಟ್ಟ ಪುಟ್ಟ ಹಲ್ಲಿನ ಚಕ್ರಗಳು, ಕೂದಲಿನ ಹಾಗಿರುವ ಸ್ಪ್ರಿಂಗು. ನಾನು ಒಂದನ್ನು ಮುಟ್ಲಿಕ್ಕೆ ಹೋದ್ರೆ ಕೈಗೆ ಒಂದು ಬಿಟ್ರು. "ಹಿಂದಕ್ಕ ಸರಿ. ಬಿಚ್ಚಿದಾಂವನಽ ಕೂಡಸಬೇಕು. ಇನ್ನೊಬ್ಬಾಂವ ಕೂಡಿಸಿದ್ರ ಕಡೀಕ ಒಂದ್ ಸ್ಪ್ರಿಂಗ್ ಕೈಯಾಗ ಉಳೀತದ." ಅದು ಅವರ ಕೆಲಸದ ರೂಲು. ಫ್ಯಾಕ್ಟರಿಯಲ್ಲೂ ಅಷ್ಟೇ ಅಂತೆ, ಅವರು ತೆರೆದ ಗೇಜನ್ನು ಮ್ಯಾನೇಜರ್ ಬಂದ್ರೂ ಮುಟ್ಟುವ ಹಾಗಿಲ್ಲ.

ಅದು ಹಾಗೇ ಬಿಚ್ಚಿಕೊಂಡೇ ಇತ್ತು, ಆಗಸ್ಟಲ್ಲಿ ಇರಾಕಿನ ಸೈನ್ಯ ಬಂತು.

ಧನಿ, ಹೆಂಡತಿ ಮಕ್ಕಳ ಜೊತೆ ರಜೆಗೆ ಕೈರೋಗೆ ಹೋಗಿದ್ರು. ಅವರೇ ನನ್ನ ಕಫೀಲ್, ಅಂದ್ರೆ ವೀಸಾಕ್ಕೆ ಜವಾಬ್ದಾರಿ ನಿಂತವರು, ನನ್ನ ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ. ಬಾಬಾ ಮನೆಯಲ್ಲಿ ಒಬ್ಬರೇ. ಅವರಿಗೆ ರೊಟ್ಟಿ ತಂದು ಕೊಡ್ಲಿಕ್ಕೆ ಜನ ಬೇಕಲ್ಲ ಅಂತ ನಾನು ರುಮೈಥಿಯಾಕ್ಕೆ ಹೋಗಿ ಅವರ ಮನೆಯಲ್ಲೇ ಉಳಿದೆ. ನಮ್ಮ ಕಡೆಯವರೆಲ್ಲ ಬಸ್ಸು ಮಾಡಿಕೊಂಡು ಬಗ್ದಾದ್, ಅಮ್ಮಾನ್ ಅಂತ ಹೊರಡ್ಲಿಕ್ಕೆ ಶುರು ಮಾಡಿದ್ರು. ಅಣ್ಣ ಸಹ ಹೊರಟ್ರು. ಹೋಗುವ ಮೊದಲು ಯಾರದ್ದೋ ಕಾರು ಹಿಡಿದು ನನ್ನನ್ನು ಕರೀಲಿಕ್ಕೆ ಬಂದ್ರು.

"ಪಾಸ್‌ಪೋರ್ಟ್ ಇಲ್ಲಂದ್ರ ಎಂಬಸಿಯಾಗ ಕಾಗದ ಮಾಡಿ ಕೊಡ್ತಾರ. ನಡೀ, ಬಟ್ಟಿ ತಗೋ."

"ಈ ಮುದುಕರನ್ನು ಬಿಟ್ಟು ಹೇಗೆ ಬರುದು ಅಣ್ಣಾ?"

"ಮುದುಕನ್ನೋ, ಗಾಡೀನೋ?"

ಅವರು ತಮ್ಮ ಬ್ಯಾಗು ತೆರೆದು ತೋರಿಸಿದ್ರು. ಲುಂಗಿಯಲ್ಲಿ ಸುತ್ತಿದ ಮೀಟರಿನ ಡಬ್ಬಿ, ಅದರ ಜೊತೆ ಚಕ್ರ, ಸ್ಪ್ರಿಂಗು ಎಲ್ಲ ಒಂದು ಬೆಂಕಿಪೊಟ್ಟಣದಲ್ಲಿ. "ರೂಮಿನ್ಯಾಗ ಇಟ್ರ ಯಾರರ ಹೊತ್ಕೊಂಡು ಹೋಗ್ತಾರ. ಬಿಚ್ಚಿದಾಂವ ನಾ. ನಾನಽ ಬಂದು ಕೂಡಸ್ತೇನಿ. ಅಲ್ಲೀತನಕ ಬ್ಯಾರೆ ಮೀಟರ್ ಹಾಕಿದ್ರ ನೋಡು ಮತ್ತ!"

ದಾರಿಯಲ್ಲಿ ಸೋಲ್ಜರ್‌ಗಳು ಅದನ್ನು ಬಾಂಬು ಅಂತ ತಿಳ್ಕೊಂಡ್ರೆ ಅಂತ ನನಗೆ ಹೆದರಿಕೆ. "ಕೇಳಿದ್ರ ತಮ್ಮನ ಹೃದಯ ಅಂತೇನಿ" ಅಂತ ನಕ್ಕು ಕಾರು ಹತ್ತಿದ್ರು.

ಗಾಡಿ ಹೇಗೆ ಉಳಿಯಿತು ಕೇಳಿ. ಕಂಡ ಕಂಡ ಗಾಡಿಯನ್ನೆಲ್ಲ ಸೋಲ್ಜರ್‌ಗಳು ಕೊಂಡು ಹೋಗ್ತಿದ್ರು. ನಾನು ನಾಲ್ಕು ಚಕ್ರ ತೆಗೆದು ನೀರಿನ ಟ್ಯಾಂಕಿನ ಹಿಂದೆ ಹುಗಿದೆ. ಬಾಬಾ ಅದಕ್ಕಿಂತ ಹುಷಾರು, ಕ್ಯಾಬಿನ್ನಿನೊಳಗೆ ಕೋಳಿ ಬಿಟ್ರು! ಸೋಲ್ಜರ್‌ಗಳು ಬಂದು ಬಾಗಿಲು ತೆರೆದ್ರೆ ಒಂದು ಹೇಂಟೆ ಅವರ ಮುಖಕ್ಕೇ ಹಾರಿತು. ನಕ್ಕು ನಕ್ಕು, ನನ್ನ ರೇಡಿಯೋ ಮಾತ್ರ ತಗೊಂಡು ಹೋದ್ರು. ಕೋಳಿ ಹಿಕ್ಕೆ ಸೀಟಿನಿಂದ ತೆಗೀಲಿಕ್ಕೆ ಆಮೇಲೆ ನಾನು ಪಟ್ಟ ಪಾಡು ಬೇರೆ ಕಥೆ.

ಆ ಚಳಿಗಾಲ ನಾನು ಮಾತು ಅಂತ ಆಡಿದ್ದು ಬಾಬಾ ಹತ್ರ, ಆ ಮುರುಕು ಹಿಂದಿಯಲ್ಲಿ, ಅದೂ ರೊಟ್ಟಿ, ನೀರು, ಕೋಳಿ ಇಷ್ಟೇ. ಕನ್ನಡವೂ ಇಲ್ಲ, ತುಳುವೂ ಇಲ್ಲ. ಹಾಗಾಗಿ ಗಾಡಿಯ ಹತ್ರ ಮಾತಾಡ್ಲಿಕ್ಕೆ ಶುರು ಮಾಡಿದೆ. "ಸ್ವಲ್ಪ ಆಚೆ ತಿರುಗು ಮಾರಾಯ" ಅಂತ ನಟ್ಟಿಗೆ ಹೇಳುದು. ಮಾತಾಡಿ ನಿಲ್ಲಿಸಿದಾಗ ಎಷ್ಟು ಸದ್ದಿಲ್ಲದೆ ಇರ್ತಿತ್ತು ಅಂದ್ರೆ, ಬೇಕಂತಲೇ ಪಾನಾ ಕೆಳಗೆ ಹಾಕ್ತಿದ್ದೆ, ಠಣ್ ಅಂತ ಒಂದು ಶಬ್ದ ಆದ್ರೂ ಬರ್ಲಿ ಅಂತ.

ಯುದ್ಧ ಮುಗಿಯಿತು. ಫಿಂಟಾಸಿನ ರೂಮಿಗೆ ಹೋದ್ರೆ ಬಾಗಿಲು ಒಡೆದಿತ್ತು, ಹಾಸಿಗೆ ಸಹ ಇಲ್ಲ. ಅಣ್ಣನ ಮಂಚದ ಕಬ್ಬಿಣದ ಚೌಕಟ್ಟು ಮಾತ್ರ ಇತ್ತು, ಅದರ ಕೆಳಗೆ ಒಂದು ಪ್ಲಸ್ ಸ್ಕ್ರೂ. ನನಗೋಸ್ಕರ ಇಟ್ಟದ್ದಾ, ಬಿದ್ದದ್ದಾ ಗೊತ್ತಿಲ್ಲ. ಕಿಸೆಗೆ ಹಾಕಿಕೊಂಡೆ.

ಎಣ್ಣೆ ಬಾವಿಗಳು ಉರೀತಿದ್ವು. ಮಧ್ಯಾಹ್ನವೂ ಆಕಾಶ ಕಪ್ಪು. ತಡೀಲಿಕ್ಕೆ ಆಗದೆ ಒಂದು ಬಾಗಿಲಿಗೆ ಆ ತಿಳಿ ಹಸಿರು ಹೊಡೆದೆ, ಒಣಗುವಷ್ಟರಲ್ಲಿ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಮಸಿ ಎಣ್ಣೆಯ ಚುಕ್ಕೆ. ಉಜ್ಜಿ ತೆಗೆದೆ. ಬೆಂಕಿ ಆರುವವರೆಗೆ ಪೇಂಟ್ ಮುಟ್ಟಲಿಲ್ಲ. ಅಷ್ಟರಲ್ಲಿ ಎಂಜಿನ್ ಸರಿಯಾಯ್ತು, ಚಕ್ರ ಕೂತಿತು. ಧನಿಯೂ ವಾಪಸ್ ಬಂದ್ರು, ಅಂಗಡಿ ತೆರೀತು. ಡ್ಯಾಶ್‌ಬೋರ್ಡಿನಲ್ಲಿ ಮೀಟರಿನ ಜಾಗ ಮಾತ್ರ ಉರುಟು ತೂತು.

ಫೋನು ಸಿಗುವ ಹಾಗೆ ಆದಾಗ ಗದಗಿಗೆ ಮಾಡಿದೆ, ಅಣ್ಣನ ಪಕ್ಕದ ಮನೆಯ ನಂಬರಿಗೆ. "ವೀಸಾ ಆಗ್ಲಿ, ಬರ್ತೇನಿ. ತೂತು ಹಂಗಽ ಇರ್ಲಿ" ಅಂದ್ರು. ನಾನು ಫಿಂಟಾಸಿನ ರೂಮಿಗೆ ವಾಪಸ್ ಬಂದು, ಅವರ ಮಂಚಕ್ಕೆ ಹೊಸ ಹಾಸಿಗೆ ತಂದು ಹಾಕಿದೆ.

ಬೆಂಕಿ ಆರಿತು, ಪೇಂಟ್ ಆಯ್ತು. ಬಾಬಾ ದಿನಾ ಗಾಡಿ ಸುತ್ತ ಒಂದು ಸುತ್ತು ಬರ್ತಿದ್ರು. "ಗುಜರಿಯಲ್ಲಿ ಎಷ್ಟು ಬೇಕಾದ್ರೂ ಮೀಟರ್ ಉಂಟು, ಒಂದು ತಂದು ಹಾಕು. ಯಲ್ಲಾ, ಸಮುದ್ರಕ್ಕೆ ಹೋಗುವಾ" ಅಂತ ಅವರ ಹಿಂದಿಯಲ್ಲಿ ಹೇಳುದು. "ಒರಿಜಿನಲ್ ಬೇಕು ಬಾಬಾ" ಅಂತ ನಾನು. ಗುಜರಿಯಲ್ಲಿ ಅದೇ ಕಂಪನಿಯ, ಅದೇ ಕಾಲದ ಮೀಟರ್ ನಾನೇ ಕಣ್ಣಾರೆ ಕಂಡಿದ್ದೆ. ಮುಟ್ಟಿ ನೋಡಿ ಅಲ್ಲೇ ಇಟ್ಟು ಬಂದಿದ್ದೆ. ತೂತು ತುಂಬಿದ್ರೆ ಅಣ್ಣ ಬರ್ಲಿಕ್ಕೆ ಕಾರಣ ಎಂತ ಉಳಿಯಿತು?

ಚಳಿ ಶುರುವಾದಾಗ ಊರಿಂದ ವಾಪಸ್ ಬಂದ ಉಡುಪಿಯ ಹೋಟೆಲಿನವರೊಬ್ಬರು ಅಂಗಡಿಗೆ ಬಂದ್ರು. ಅಣ್ಣನ ಜೊತೆ ಒಂದೇ ಬಸ್ಸಲ್ಲಿ ಅಮ್ಮಾನಿಗೆ ಹೋದವರು. ಕೌಂಟರಿನ ಮೇಲೆ ಒಂದು ಲುಂಗಿ ಗಂಟು ಇಟ್ರು.

"ನಿನ್ನ ಗದಗದವರು ಹುಬ್ಬಳ್ಳಿ ಬಸ್‌ಸ್ಟ್ಯಾಂಡಿಗೆ ಬಂದು ಕೊಟ್ರು ಮಾರಾಯ. ಊರಲ್ಲೇ ರಿಪೇರಿ ಅಂಗಡಿ ಹಾಕಿದ್ದಾರೆ. ಮಗು ಬೇರೆ ಆಗಿದೆ. ಇನ್ನು ಬರುದಿಲ್ಲ ಅವರು. 'ಬಿಚ್ಚಿದಾಂವ ಕೂಡ್ಸ್ಯಾನ ಅಂತ ಹೇಳ್ರಿ' ಅಂದ್ರು. ಹಾಗಂದ್ರೆ ಎಂತ?"

"ಎಂತ ಇಲ್ಲ, ಕೆಲಸದ ಮಾತು" ಅಂದೆ.

ಗಂಟು ಬಿಚ್ಚಲಿಕ್ಕೆ ಬಾಬಾರ ಅಂಗಳಕ್ಕೆ ಹೋಗಿ ಗಾಡಿಯೊಳಗೆ ಕೂತೆ. ಮೀಟರ್ ಕಿವಿ ಹತ್ರ ಹಿಡಿದು ಅಲ್ಲಾಡಿಸಿದೆ. ಒಳಗೆ ಯಾವುದೂ ಸಡಿಲ ಇಲ್ಲ. ಗಾಜು ಹೊಳೀತಿತ್ತು. ತಿರುಗಿಸಿ ಹಿಂದೆ ನೋಡಿದೆ. ಅಲ್ಲಿ ಎರಡು ಸ್ಕ್ರೂ ಇರ್ತದೆ. ಒಂದು ಮೈನಸ್. ಇನ್ನೊಂದು ಪ್ಲಸ್, ಹೊಚ್ಚ ಹೊಸತು, ಪಳಪಳ.

ಒಬ್ಬನೇ ಕೂತು ನಗ್ಲಿಕ್ಕೆ ಶುರು ಮಾಡಿದೆ. ಬಾಬಾ ಕಿಟಕಿಗೆ ಬಂದು "ಕ್ಯಾ ಹುವಾ?" ಅಂದ್ರು. ಉಪ್ಪಿಟ್ಟಿನಿಂದ ಹಿಡಿದು ಮೂಗುಬೊಟ್ಟಿನವರೆಗೆ ಹಿಂದಿಯಲ್ಲಿ ಎಲ್ಲಿಂದ ಹೇಳುದು? "ಕುಛ್ ನಹೀ ಬಾಬಾ" ಅಂದೆ. ನಗು ಹಾಗೇ ನಿಂತುಹೋಯ್ತು.

ಬಿಸ್ಕೆಟ್ ಡಬ್ಬಿಯಲ್ಲಿ ಅದಕ್ಕೆ ಸರಿಯಾದ ಮೈನಸ್ ಸ್ಕ್ರೂ ಇತ್ತು. ತೆಗೆದು ಕೈಯಲ್ಲಿ ಹಿಡಿದೆ, ಸ್ಕ್ರೂಡ್ರೈವರೂ ಹಿಡಿದೆ. ಆದ್ರೆ ನಾನು ಬಿಚ್ಚಿದ್ರೆ ಮತ್ತೆ ನಾನೇ ಕೂಡಿಸಬೇಕು. ಆಮೇಲೆ ಅದು ಅಣ್ಣ ಕೂಡಿಸಿದ್ದು ಅಂತ ಆಗುದಿಲ್ಲ. ಸ್ಕ್ರೂ ವಾಪಸ್ ಡಬ್ಬಿಗೆ ಹಾಕಿ, ಮೀಟರ್ ಹಾಗೆಯೇ ತೂತಿನಲ್ಲಿ ಕೂರಿಸಿ ಹಿಂದಿನ ನಟ್ಟು ಬಿಗಿ ಮಾಡಿದೆ.

ಸಾಯಂಕಾಲ ಬಾಬಾ ಇಸ್ತ್ರಿ ಮಾಡಿದ ಬಿಳಿ ದಿಶ್‌ದಾಶಾ, ಅವರ ಆ ಉದ್ದ ನಿಲುವಂಗಿ, ಹಾಕಿಕೊಂಡು ಪಕ್ಕದಲ್ಲಿ ಕೂತ್ರು. ಸಮುದ್ರದ ರಸ್ತೆಗೆ ತಿರುಗಿಸಿ ಗೇರ್ ಹಾಕಿದೆ. ಮುಳ್ಳು ಸ್ವಲ್ಪ ಹೊತ್ತು ಸೊನ್ನೆಯಲ್ಲೇ ಇತ್ತು, ಆಮೇಲೆ ನಡುಗ್ತಾ ನಡುಗ್ತಾ ಮೇಲೆ ಬಂತು.

"ಅಣ್ಣಾ, ಎದ್ದಿತು ನೋಡು" ಅಂದೆ, ಕನ್ನಡದಲ್ಲಿ.

ಬಾಬಾ ತನಗೇ ಹೇಳಿದ್ದು ಅಂತ ತಿಳ್ಕೊಂಡು, ಸಮುದ್ರ ನೋಡ್ತಾ, "ಹಾಂ, ಹಾಂ" ಅಂದ್ರು.