ಹಲ್ಲಿಗೆ ಹಚ್ಚುವ ಮಿಶ್ರಿ

ನನ್ನ ಅಕ್ಕನಿಗೆ ತಂಬಾಕಿನ ಚಟವಿದೆ ಎಂದು ಯಾರಾದರೂ ಹೇಳಿದ್ದರೆ ಅವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ. ನಿಪ್ಪಾಣಿ ಹತ್ತಿರದ ಹಳ್ಳಿಯಲ್ಲಿ ಅವಳ ಮನೆ. ಸ್ವಲ್ಪ ಹೊಲ, ಒಂದೆರಡು ಎಮ್ಮೆ. ಭಾವ ತಂಬಾಕು ತಿಂದು ಅಂಗಳದಲ್ಲೆಲ್ಲ ಉಗುಳುತ್ತಾನೆಂದು ಬಂದವರ ಎದುರೇ ಅವನ ಮಾನ ಕಳೆಯುವ ಹೆಂಗಸು ಅವಳು.

ಅವಳು ಹಚ್ಚುತ್ತಿದ್ದುದು ಮಿಶ್ರಿ. ತಂಬಾಕಿನ ಎಲೆಯನ್ನು ಹಳೆಯ ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ ತಿಕ್ಕುವುದು. ಆ ಮನೆಯ ಹೆಂಗಸರೆಲ್ಲ ಹಚ್ಚುತ್ತಾರೆ, ಓಣಿಯ ಹೆಂಗಸರೂ ಹಚ್ಚುತ್ತಾರೆ. ತಂಬಾಕೆಂದರೆ ಗಂಡಸರು ತಿನ್ನುವುದು, ಮಿಶ್ರಿಯೆಂದರೆ ಹಲ್ಲುಪುಡಿ. ಇದರಲ್ಲಿ ನಮಗ್ಯಾರಿಗೂ ಅನುಮಾನವೇ ಇರಲಿಲ್ಲ. ರಾಯಬಾಗದ ಕಡೆ ಮದುವೆಯಾಗಿ ಹೋದ ನನಗೆ ಆ ರೂಢಿ ಅಂಟಲಿಲ್ಲ, ಅಷ್ಟೆ. ತವರಿನ ನೆಂಟಸ್ತಿಕೆಯೆಂದು ಅಕ್ಕನ ಮನೆಗೆ ಹೋದಾಗ, ಅಡುಗೆಮನೆ ತುಂಬ ಮಿಶ್ರಿ ಹುರಿಯುವ ಹೊಗೆ ಕಟ್ಟಿಕೊಂಡಿರುತ್ತಿತ್ತು. ಕೆಮ್ಮುತ್ತಲೇ ಕೂತು ಹರಟೆ ಹೊಡೆಯುತ್ತಿದ್ದೆವು.

ಕಳೆದ ವರ್ಷ ಅಕ್ಕನಿಗೆ ನಡೆದರೆ ಮೀನಖಂಡ ಹಿಡಿಯತೊಡಗಿತು. ಆಮೇಲೆ ಕಾಲಿನ ಹೆಬ್ಬೆರಳಿಗೆ ಕಬ್ಬಿನ ಕೂಳೆ ಚುಚ್ಚಿ ಆದ ಗಾಯ ಮಾಯಲೇ ಇಲ್ಲ. ಅರಿಶಿಣ ಆಯಿತು, ಮುಲಾಮು ಆಯಿತು. ಕೊನೆಗೆ ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆ ಇಲ್ಲ, ಆದರೆ ಕಾಲಿಗೆ ಹೋಗುವ ರಕ್ತನಾಳ ಒಳಗೊಳಗೇ ಕಟ್ಟಿಕೊಂಡಿದೆ, ಬೆರಳಿಗೆ ರಕ್ತ ತಲುಪುತ್ತಿಲ್ಲ ಎಂದರು ಡಾಕ್ಟರು.

"ತಂಬಾಕು, ಬೀಡಿ, ಏನರ ಚಟ ಐತೇನ್ರಿ ಇವರಿಗೆ?"

ಅಕ್ಕ ಸೆರಗು ಎಳೆದುಕೊಂಡಳು. "ಅಯ್ಯ ಶಿವನ! ನಾವು ಅಂಥಾ ಮಂದಿ ಅಲ್ಲರಿ."

"ಚಾ ಬಿಟ್ಟರ ಆಕಿಗೆ ಮತ್ತ್ಯಾವ ಚಟಾನೂ ಇಲ್ರಿ," ಎಂದು ನಾನೂ ದನಿಗೂಡಿಸಿದೆ. ಇಬ್ಬರೂ ಸುಳ್ಳು ಹೇಳಲಿಲ್ಲ. ನಮ್ಮ ಮಟ್ಟಿಗೆ ಅದು ನಿಜವೇ ಆಗಿತ್ತು.

ಗುಳಿಗೆ ಬರೆದುಕೊಟ್ಟರು. ತಿಂಗಳುಗಟ್ಟಲೆ ತಪ್ಪದೆ ನುಂಗಿದಳು. ಬೆರಳು ಮಾತ್ರ ಕಪ್ಪಾಗುತ್ತ ಹೋಯಿತು. ಮತ್ತೆ ಹೋದಾಗ ಭರ್ತಿ ಮಾಡಿಕೊಂಡರು. ಪಾದ ಉಳಿಯುತ್ತದೋ ಇಲ್ಲವೋ ಹೇಳಲಾಗದು ಅಂದರು.

ಮರುದಿನ ಬೆಳಿಗ್ಗೆ ಡಾಕ್ಟರು ವಾರ್ಡಿಗೆ ಬಂದಾಗ ಅಕ್ಕ ಮಂಚದ ಮೇಲೆ ಕೂತು ಬಾಯಲ್ಲಿ ಬೆರಳಿಟ್ಟುಕೊಂಡಿದ್ದಳು.

"ಬಾಯಾಗ ಏನವಾ ಅದು?"

"ಮಿಶ್ರಿರಿ. ಹಲ್ಲ ತಿಕ್ಕಾಕತ್ತೇನಿ."

ಅವರು ಅವಳ ಅಂಗೈಯಲ್ಲಿದ್ದ ಪುಡಿಯನ್ನು ಮೂಸಿ ನೋಡಿದರು. "ದಿನಕ್ಕ ಎಷ್ಟ ಸಲ ತಿಕ್ಕತಿ?"

"ಎದ್ದ ಕೂಡಲೆ. ಹೊಲಕ್ಕ ಹೋಗೂ ಮುಂದ. ಮತ್ತ... ಹಸಿವಾದಾಗ..." ಎಂದವಳು ಅಲ್ಲಿಗೆ ತಾನೇ ಮಾತು ತಡೆದಳು. ನನ್ನ ಮುಖ ನೋಡಿದಳು. ಹಸಿವಾದಾಗ ಯಾರು ಹಲ್ಲು ತಿಕ್ಕುತ್ತಾರೆ?

ಡಾಕ್ಟರು ಸಿಟ್ಟಿನಲ್ಲೇ ಬಿಡಿಸಿ ಹೇಳಿದರು. ಅದು ಅಪ್ಪಟ ತಂಬಾಕು. ಒಸಡಿನಿಂದ ನೇರ ರಕ್ತಕ್ಕೆ ಇಳಿದು ಹಸಿವನ್ನು ಸಾಯಿಸುತ್ತದೆ, ನಾಳಗಳನ್ನು ಹಿಂಡುತ್ತದೆ. ಹುರಿಯುವ ಹೊಗೆ, ಒಲೆಯ ಹೊಗೆ ಸೇರಿ ಇನ್ನಷ್ಟು ಕೆಡಿಸುತ್ತವೆ. ಅದರ ಮೇಲೆ ಊಟ ಏನೆಂದು ಕೇಳಿದರು. ಏನು ಹೇಳುವುದು? ಬದುವಿನಲ್ಲಿ ಬೆಳೆದ ಮೆಂತ್ಯ, ಪಾಲಕ್ ಎಲ್ಲ ಸಂತೆಗೆ ಹೋಗುತ್ತದೆ. ಮನೆಯ ಹೆಂಗಸರಿಗೆ ಮಧ್ಯಾಹ್ನದ ತನಕ ಚಹಾ, ಆಮೇಲೆ ಉಪ್ಪು ಮುಂದಾದ ಖಾರದ ಚಟ್ನಿ, ತಣ್ಣನೆಯ ಜೋಳದ ಭಕ್ರಿ. ನನಗೆ ಡಾಕ್ಟರ ಮೇಲೂ ಸಿಟ್ಟು ಬಂತು, ಮೊದಲೇ ಹೆಸರು ಹಿಡಿದು ಕೇಳಬಾರದಿತ್ತೇ ಎಂದು. ಆದರೆ ಹಲ್ಲುಪುಡಿ ಯಾವುದು ಎಂದು ಯಾವ ಡಾಕ್ಟರು ಕೇಳುತ್ತಾರೆ!

ಕಾಲಿನ ಹೆಬ್ಬೆರಳು ತೆಗೆದರು. ಪಾದ ಸದ್ಯಕ್ಕೆ ಉಳಿಯಿತು. ಮಿಶ್ರಿ ಮುಟ್ಟಿದರೆ ಅದೂ ಹೋದಂತೆಯೇ ಎಂದು ಹೇಳಿ ಕಳಿಸಿದರು.

ಅಕ್ಕನ ಜೊತೆ ಕೆಲವು ದಿನ ಉಳಿದೆ. ಮಿಶ್ರಿ ಬಿಟ್ಟದ್ದಕ್ಕೆ ಅವಳಿಗೆ ತಲೆನೋವು, ಕೈ ನಡುಕ, ಎಲ್ಲರ ಮೇಲೂ ಹರಿಹಾಯುವುದು. ಒಂದು ಬೆಳಿಗ್ಗೆ ಅಡುಗೆಮನೆಯಿಂದ ಆ ಹೊಗೆ ಬಂತು. ಅಕ್ಕನ ಸೊಸೆ ಹಂಚಿಟ್ಟು ತನ್ನ ಪಾಲಿನ ಮಿಶ್ರಿ ಹುರಿಯುತ್ತಿದ್ದಳು. ಅಕ್ಕನ ಮೂಗು ಅರಳಿದ್ದನ್ನು ನಾನು ನೋಡಿದೆ. ಅವಳು ಗೋಡೆ ಹಿಡಿದು ಕುಂಟುತ್ತ ಒಲೆಯ ತನಕ ಹೋದಳು.

"ಅದನ್ನ ಇಳಿಸ. ರೊಟ್ಟಿ ಬಡಿ. ನನಗ ಹಸಿವಾಗೇತಿ."

ಸೊಸೆ ಕಣ್ಣರಳಿಸಿದಳು. "ಇಷ್ಟ ಮುಂಜಾನೆ ಏನ್ರೀ ಅತ್ತಿ?"

"ಹೂಂನ. ಇಷ್ಟ ಜೋರ ಹಸಿವು ಇರತೈತಿ ಅನ್ನೂದ ಮರತಿದ್ದೆ." ಬಿಸಿ ರೊಟ್ಟಿ ತಾಟಿಗೆ ಬಿದ್ದಾಗ ಅಕ್ಕ ಅರ್ಧ ಮುರಿದು ಸೊಸೆಯ ಕಡೆ ಚಾಚಿದಳು. "ನೀನೂ ಕುಂಡ್ರ."

"ಎಲ್ಲಾರೂ ಮುಂಜಾನೆದ್ದು ಉಣ್ಣಾಕ ಕುಂತರ ಕೆಲಸಾ ಯಾರ ಮಾಡ್ತಾರ್ರಿ?" ಎಂದು ಸೊಸೆ ನಕ್ಕಳು. ನಕ್ಕಾಗ ಅವಳ ಹಲ್ಲು ಆಗಲೇ ಕಪ್ಪಾಗಿದ್ದವು.